ಬೆವರುಮರದ ವಿಳಾಸ

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಉಸ್ಸಪ್ಪಾ ಎಂದು ಒರಗಿದ ಮೇಲೆಯೇ ಅವಳಿಗೆ ತಾನು ಸೋದರಮಾವನ ಮೇಲೆ ರೇಗಿ ಬಂದದ್ದು ನೆನಪಾದದ್ದು. ರೇಗುವಂಥದ್ದೇನೂ ನಡೆದಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಸಮಿತಿಯ ಮುಂದಿಡಬೇಕಾದ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೊನೆಯ ಸಲ ನೋಡುತ್ತಿದ್ದಳು. ಮಾವ ಟೀ ಲೋಟ ಹಿಡಿದು ಬಂದು, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, "ಇದ್ಯಾವ ಸೀಮೆನೇ ಬಾಲ, ಇಷ್ಟೊಂದು ಹಸಿರು?" ಎಂದ. ಬಾಲ ಎಂದರೆ ಅವಳೇ. ಚಿಕ್ಕಂದಿನಲ್ಲಿ ಅವನ ಹಿಂದೆ ಹಿಂದೆಯೇ ಸುತ್ತುತ್ತಿದ್ದಳೆಂದು ಅವನಿಟ್ಟ ಹೆಸರು, ನಲವತ್ತೆರಡು ತುಂಬಿದರೂ ಬಿಟ್ಟಿರಲಿಲ್ಲ. ಹಸಿರು ಇರುವ ಕಡೆಯೆಲ್ಲ ಬೆವರುಮರ ಬದುಕಬಲ್ಲದು, ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸಿದ್ದು ಎಂದಳು. ಮಾವ ಬಗ್ಗಿ, ಬೆರಳಿಟ್ಟು ನೋಡಿ, ನಕ್ಕೇಬಿಟ್ಟ. "ಗುಡ್ಡದ ನೆತ್ತಿ ಮೇಲಾ? ಬೆವರುಮರಾನಾ? ಅಲ್ಲಿ ಮೇಕೆಗೂ ಕುಡಿಯೋಕೆ ನೀರು ಸಿಗಲ್ಲ ಕಣೇ." ಒಣಗಿಸಿಟ್ಟ ಕೊಂಬೆಗಳ ಹದಿನಾಲ್ಕು ಮಾದರಿಗಳಿವೆ, ಒಂದೊಂದರ ಚೀಟಿಯಲ್ಲೂ ಜಾಗ ಬರೆದಿದೆ ಎಂದು ಅವಳು ಹೇಳಿದಾಗ, "ಪ್ರೊಫೆಸರು ಚೀಟಿ ಬರೀತಿದ್ದದ್ದು ಸಾಯಂಕಾಲ, ಬಂಗಲೆ ಜಗುಲೀಲಿ ಕೂತ್ಕೊಂಡು. ದಾರ ನೋಡಿದ್ಯಾ ನೀನು? ಮರ ಇರೋದು ಇಲ್ಲಿ," ಎಂದು ಲೋಟವನ್ನು ನಕ್ಷೆಯ ಬಿಳಿ ಜಾಗದ ಮೇಲೆ ಕುಕ್ಕಿದ. ಎತ್ತಿದಾಗ ದುಂಡನೆಯ ಕಲೆ. ಅವಳಿಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿಲ್ಲದೇ ಇರೋದ್ರಲ್ಲೆಲ್ಲ ಯಾಕೆ ತಲೆ ಹಾಕ್ತೀಯ ಮಾವ? ಇದು ಮರ ಹತ್ತೋ ಕೆಲಸ ಅಲ್ಲ." ಮಾವ ಅಂಗಿಯ ತುದಿಯಿಂದ ಕಲೆ ಒರೆಸಲು ಹೋಗಿ ಅದನ್ನು ಇನ್ನಷ್ಟು ಹರಡಿ, ಲೋಟ ತೊಳೆಯಲು ಒಳಗೆ ಹೋದ.

ಮರ ಹತ್ತೋ ಕೆಲಸ ಅಲ್ಲ. ಬಾಯಿಂದ ಅದು ಹೇಗೆ ಬಂತು? ಆ ಹದಿನಾಲ್ಕರಲ್ಲಿ ಹನ್ನೊಂದು ಕೊಂಬೆಗಳನ್ನು ಕಡಿದು ಕೆಳಗಿಳಿಸಿದವನು ಅವನೇ, ಸೊಂಟಕ್ಕೆ ಹಗ್ಗ, ಬೆನ್ನಿಗೆ ಕತ್ತಿ ಕಟ್ಟಿಕೊಂಡು. ಮಾದರಿ ಸಂಗ್ರಹಕ್ಕೆಂದು ಕಾಡಿಗೆ ಬರುತ್ತಿದ್ದ ಪ್ರೊಫೆಸರು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು, ಸಂಜೆ ಬಂಗಲೆಯಲ್ಲಿ ಚೀಟಿ ಬರೆಯುತ್ತಿದ್ದರು, ಚೀಟಿಯ ಮೇಲೆ ಅವರ ಹೆಸರೊಂದೇ ಇರುತ್ತಿತ್ತು. ಪ್ರೊಫೆಸರು ಈಗಿಲ್ಲ. ಆ ಒಣಗಿದ ಕೊಂಬೆಗಳು ಅವಳು ಕೆಲಸ ಮಾಡುವ ಕಟ್ಟಡದಲ್ಲಿ ದಪ್ಪ ಹಾಳೆಗಳಿಗೆ ಅಂಟಿಕೊಂಡು ಕಬ್ಬಿಣದ ಬೀರುಗಳಲ್ಲಿ ಮಲಗಿವೆ. ಹನ್ನೊಂದು ವರ್ಷದಿಂದ ಅವಳ ಕೆಲಸ ಅವುಗಳ ಚೀಟಿ ಓದುವುದು, ಓದಿದ ಜಾಗವನ್ನು ನಕ್ಷೆಯ ಮೇಲೊಂದು ಚುಕ್ಕಿಯಾಗಿ ಇಡುವುದು, ಆ ಚುಕ್ಕಿಯಲ್ಲಿ ಮಳೆ ಎಷ್ಟು, ಬಿಸಿಲೆಷ್ಟು, ಎತ್ತರವೆಷ್ಟು, ಮಣ್ಣು ಎಂಥದು ಎಂದು ಕಂಪ್ಯೂಟರಿಗೆ ತೋರಿಸಿ, ಇಂಥದೇ ಜಾಗ ಇನ್ನೆಲ್ಲಿದೆ ಹುಡುಕು ಎನ್ನುವುದು. ಅದು ಹುಡುಕಿ ಹಸಿರು ಬಳಿಯುತ್ತದೆ. ಹಸಿರು ಕಡಿಮೆಯಾದರೆ ಮರಕ್ಕೆ ಅಪಾಯ, ಜಾಸ್ತಿಯಾದರೆ ಚಿಂತೆಯಿಲ್ಲ. ಬೆವರುಮರಕ್ಕೆ ಗುಡ್ಡದ ನೆತ್ತಿಗಳುದ್ದಕ್ಕೂ ಹಸಿರೋ ಹಸಿರು ಬಂದಿತ್ತು. ನೂರಕ್ಕೆ ತೊಂಬತ್ತಮೂರು ಸರಿ ಎಂದು ಕಂಪ್ಯೂಟರಿನ ಈ ಲೆಕ್ಕ, ಅಂದರೆ ಮಾಡೆಲ್, ತನಗೆ ತಾನೇ ಅಂಕ ಕೊಟ್ಟುಕೊಂಡಿತ್ತು. ಇವತ್ತು ಮೂರು ಗಂಟೆಗೆ ಸಮಿತಿ ಆ ಮರವನ್ನು ಚಿಂತೆಯಿಲ್ಲದವುಗಳ ಪಟ್ಟಿಗೆ ಸೇರಿಸುತ್ತದೆ. ಸೇರಿಸಿದ ಮೇಲೆ, ಗುಡ್ಡಗಳ ನಡುವಿನ ಕೊಳ್ಳದಲ್ಲಿ ಅಣೆಕಟ್ಟಿಗಾಗಿ ಮರ ಕಡಿಯಲು ಯಾರ ಅಡ್ಡಿಯೂ ಇರುವುದಿಲ್ಲ. ಮಾವ ಲೋಟ ಕುಕ್ಕಿದ್ದು ಆ ಕೊಳ್ಳದ ಮೇಲೆ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಎದುರು ಸೀಟಿನ ಹೆಂಗಸು ಮಗಳ ಜಡೆಯ ತುದಿಗೆ ಟೇಪು ಕಟ್ಟುತ್ತಿದ್ದಳು, ಬಿಗಿಯಾಯಿತೆಂದು ಹುಡುಗಿ ಮೂತಿ ಉಬ್ಬಿಸಿದಳು. ದಾರ ನೋಡಿದ್ಯಾ ಎಂದು ಮಾವ ಕೇಳಿದ್ದ.

ಯಾವ ದಾರ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಐದು ವರ್ಷ ನಟಿಸಿದ್ದಳು, ತನ್ನೊಬ್ಬಳ ಎದುರಿಗೇ. ಪೇಟೆಯ ಶಾಲೆಗೆ ಸೇರಿದ ಮೊದಲ ದಿನ ಮಾವ ಅವಳ ಬಲಗೈ ಮಣಿಕಟ್ಟಿಗೆ ಒಂದು ದಾರ ಕಟ್ಟಿದ್ದ. ಅಮ್ಮ ತೀರಿಕೊಂಡು, ಕಾಡಿನಂಚಿನ ಮನೆ ಬಿಟ್ಟು, ಮಾವನೂ ಅವಳೂ ಪೇಟೆಗೆ ಬಂದು ವಾರವಾಗಿತ್ತು. "ಎರಡು ಗಂಟು, ಎರಡು ರಸ್ತೆ ದಾಟು. ಆಮೇಲೆ ಕುಣಿಕೆ, ಅಂದ್ರೆ ಇಳಿಜಾರಲ್ಲಿ ಇಳಿ. ಆಮೇಲೆ ಮೂರು ಗಂಟು, ಮೂರನೇ ಬಾಗಿಲು ನಮ್ಮದು. ಯಾರನ್ನೂ ಕೇಳೋದೇ ಬೇಡ, ಬೆರಳಿಗೆ ಗೊತ್ತಿರತ್ತೆ." ಅಕ್ಷರ ಬಾರದ ಅವನು ದಾರಿಯನ್ನು ಹಾಗೆಯೇ ಬರೆದಿಡುತ್ತಿದ್ದ. ತರಗತಿಯಲ್ಲಿ ಹಿಂದಿನ ಬೆಂಚಿನವರು ಅದನ್ನು ನೋಡಿ, ಕರುವಿಗೆ ಹಗ್ಗ ಕಟ್ಟಿ ಕಳಿಸಿದಾರೆ ಎಂದು ಅಂಬಾ ಅಂದರು. ಅವಳು ಪೆನ್ಸಿಲ್ ಹೆರೆಯುವ ಬ್ಲೇಡು ಇಸಿದುಕೊಂಡು ಪಾಯಖಾನೆಗೆ ಹೋಗಿ ದಾರ ಕತ್ತರಿಸಿ ನೀರು ಹಾಕಿದಳು. ಸಂಜೆ ದಾರಿ ತಪ್ಪಿ ಎಲ್ಲೆಲ್ಲೋ ಅಲೆದು, ಅತ್ತು ಮುಖ ಊದಿಸಿಕೊಂಡು ಮನೆ ಸೇರಿದಾಗ ಕತ್ತಲಾಗುತ್ತಿತ್ತು. ದಾರ ಬಿಚ್ಚಿಹೋಯ್ತು ಮಾವ ಎಂದಳು. ಓಹೋ, ಬಿಚ್ಚಿಹೋಯ್ತಾ ಎಂದನಷ್ಟೆ. ಮಾರನೆಯ ದಿನದಿಂದ ವರ್ಷವಿಡೀ ಶಾಲೆಯ ಗೇಟಿನ ಹತ್ತಿರ ನಾಲ್ಕು ಗಂಟೆಗೆ ಅವನು ನಿಂತಿರುತ್ತಿದ್ದ. ಅದನ್ನೂ ನೋಡಿ ಅವಳಿಗೆ ನಾಚಿಕೆಯಾಗುತ್ತಿತ್ತು, ಅವನ ಕಾಲಿನ ಗಾಯದ ಕಲೆಗಳು ಎಲ್ಲರಿಗೂ ಕಾಣುತ್ತಿದ್ದವಲ್ಲ ಎಂದು. ಈ ಕೆಲಸದ ಸಂದರ್ಶನದಲ್ಲಿ ಮರಗಳ ಮೇಲೆ ಆಸಕ್ತಿ ಹೇಗೆ ಬಂತೆಂದು ಕೇಳಿದ್ದರು. ಪುಸ್ತಕ ಓದಿ ಎಂದಿದ್ದಳು.

ಆಫೀಸಿನ ಮೆಟ್ಟಿಲ ಮೇಲೇ ಸಾಹೇಬರು ಸಿಕ್ಕರು. ಅವರನ್ನು ಹಿಂದಿನಿಂದ ಎಲ್ಲರೂ ದಶಾಂಶ ಎನ್ನುತ್ತಾರೆ. ಯಾವ ಸಂಖ್ಯೆ ಕೊಟ್ಟರೂ ಚುಕ್ಕಿಯಾದ ಮೇಲೆ ಎಷ್ಟು ಎಂದು ಕೇಳುವವರು. "ಏನ್ರೀ, ತೊಂಬತ್ತಮೂರು ಪಾಯಿಂಟ್ ನಾಲ್ಕು! ಸಮಿತಿಯವರು ಮೂಗಿನ ಮೇಲೆ ಬೆರಳಿಡ್ತಾರೆ ನೋಡಿ," ಎಂದು ನಕ್ಕರು. ಅವರು ನಗುವುದೇ ಅಪರೂಪ. ಅವಳೂ ನಕ್ಕಳು, ನಕ್ಕದ್ದು ಕೆನ್ನೆಯಲ್ಲಿ ಗಟ್ಟಿಯಾಗಿ ಉಳಿಯಿತು. ತನ್ನ ಮೇಜಿಗೆ ಹೋಗಿ ಹನ್ನೊಂದು ಚೀಟಿಗಳ ಪಟ್ಟಿ ತೆಗೆದಳು. ಕೆಳಗಿನ ಬಂಗಲೆಯ ಬಳಿ. ಮೇಲಿನ ಬಂಗಲೆಯ ಬಳಿ. ನಡುವಿನ ಬಂಗಲೆಯಿಂದ ಸ್ವಲ್ಪ ದೂರ. ಮೂರು ಬಂಗಲೆಗಳೂ ಗುಡ್ಡದ ನೆತ್ತಿಯ ಮೇಲೆ, ಜೀಪು ಹೋಗುವ ರಸ್ತೆಯ ಪಕ್ಕ. ಉಳಿದ ಮೂರು ಮಾದರಿಗಳು ಬೇರೆ ಯಾರೋ ತಂದವು, ಅವುಗಳ ಚೀಟಿಯಲ್ಲಿ ತೊರೆಯ ದಂಡೆ ಎಂದಿತ್ತು, ಹನ್ನೊಂದರ ಎದುರು ಮೂರು ಎಷ್ಟರದು ಎಂದು ಅವಳು ಲೆಕ್ಕಕ್ಕಿಟ್ಟಿರಲಿಲ್ಲ. ಕಂಪ್ಯೂಟರಿಗೆ ಅವಳು ಕಲಿಸಿದ್ದು ಮರದ ವಾಸವನ್ನಲ್ಲ, ಪ್ರೊಫೆಸರ ವಾಸವನ್ನು. ಒಳ್ಳೆಯ ಗಾಳಿ, ಒಳ್ಳೆಯ ನೋಟ, ಜಿಗಣೆಯಿಲ್ಲದ ಒಣ ನೆಲ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ಹಸಿರು ಬಳಿದಿತ್ತು. ಪರೀಕ್ಷೆಗೆಂದು ಬದಿಗಿಟ್ಟ ಚುಕ್ಕಿಗಳೂ ಅದೇ ಬಂಗಲೆಗಳವೇ ಆದ್ದರಿಂದ, ತಾನೇ ಬರೆದ ಉತ್ತರ ಪತ್ರಿಕೆಯನ್ನು ತಾನೇ ತಿದ್ದಿದ ಹಾಗೆ ತೊಂಬತ್ತಮೂರು ಪಾಯಿಂಟ್ ನಾಲ್ಕು ಬಂದಿತ್ತು. ಮಾವನ ಒಂದು ನಗೆಯ ಬಲದ ಮೇಲೆ ಸಮಿತಿಗೆ ಇಷ್ಟು ಹೇಳಲಾದೀತೇ? ಆಗದು. ದಾರಗಳಿದ್ದರೆ ಹೇಳಬಹುದಿತ್ತು. ದಾರಗಳನ್ನು ಅವಳೇ ತೆಗೆಸಿದ್ದಳು.

ಐದು ವರ್ಷದ ಹಿಂದೆ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡುವಾಗ, ಪ್ರೊಫೆಸರ ಮಾದರಿಗಳ ತೊಟ್ಟುಗಳಿಗೆ ಕಟ್ಟಿದ್ದ ದಾರಗಳಿಂದ ನೆರಳು ಬೀಳುತ್ತದೆ, ತೆಗೀರಿ ಎಂದು ಅವಳು ಆದೇಶ ಕೊಟ್ಟಿದ್ದಳು. ನೆರಳು ಬೀಳುತ್ತಿದ್ದದ್ದು ನಿಜ. ಆದರೆ ಮೊದಲ ಹಾಳೆ ಎದುರಿಗೆ ಬಂದಾಗ ಅದೇ ಗಂಟುಗಳು, ಅದೇ ಕುಣಿಕೆ ಕಣ್ಣಿಗೆ ಬಿದ್ದು ಬಲಗೈ ಮಣಿಕಟ್ಟು ಬೆಚ್ಚಗಾದದ್ದೂ ನಿಜ. ಯಾವುದು ನಿಜವಾದ ಕಾರಣವೆಂದು ಅವಳು ತನ್ನನ್ನು ಕೇಳಿಕೊಂಡಿರಲಿಲ್ಲ. ಹಾಳೆಗಳ ಕೋಣೆ ಯಾವಾಗಲೂ ತಣ್ಣಗಿರುತ್ತದೆ, ನುಸಿಗುಳಿಗೆಯ ವಾಸನೆ ಬಟ್ಟೆಗೆ ಹತ್ತಿ ಮನೆಗೂ ಬರುತ್ತದೆ. ಅಲ್ಲಿ ಮೂವತ್ತು ವರ್ಷದಿಂದ ಒಣ ಗಿಡಗಳನ್ನು ಹಾಳೆಗೆ ಅಂಟಿಸುವ, ಹೊಲಿಯುವ ಹೆಂಗಸಿಗೆ ಗೋಂದಕ್ಕ ಎಂದೇ ಹೆಸರು. ಬಾಯಲ್ಲಿ ಸೂಜಿ ಕಚ್ಚಿಕೊಂಡು ಒಂದು ಎಲೆಯ ಮಡಿಕೆ ಬಿಡಿಸುತ್ತಿದ್ದಳು.

"ಗೋಂದಕ್ಕ, ಆ ಸ್ಕ್ಯಾನಿಂಗ್ ಟೈಮಲ್ಲಿ ದಾರ ತೆಗೆಸಿದ್ನಲ್ಲ… ಅದನ್ನೆಲ್ಲ ಏನು ಮಾಡಿದ್ರಿ?" ಕೇಳುವಾಗ ದನಿ ಸಣ್ಣದಾಯಿತು.

ಗೋಂದಕ್ಕ ಸೂಜಿಯನ್ನು ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವಳ ಕಳೆ. "ಬಯ್ಯಬೇಡಿ ಮೇಡಂ. ನೀವು ತೆಗೀರಿ ಅಂದ್ರಿ, ತೆಗೆದೆ. ಎಸೀರಿ ಅಂತ ನೀವು ಹೇಳಿರ್ಲಿಲ್ಲ."

ಎದ್ದು ಬೀರು ತೆರೆದು, ಹಾಳೆಗಳ ಕಟ್ಟನ್ನು ಎರಡೂ ಕೈಯಲ್ಲಿ ಮಗುವಿನಂತೆ ತಂದು ಮೇಜಿನ ಮೇಲೆ ಮಲಗಿಸಿದಳು. ಮೊದಲ ಹಾಳೆಯನ್ನು ಮಗುಚಿದಳು. ಬೆನ್ನಿನ ಮೂಲೆಯಲ್ಲಿ, ಉದುರಿದ ಬೀಜ ಹಾಕಿಡಲು ಮಾಡುವಂಥ ಒಂದು ಸಣ್ಣ ಕಾಗದದ ಪೊಟ್ಟಣ ಅಂಟಿಸಿತ್ತು. ಅದರೊಳಗೆ, ಕಂದಿಹೋದ ದಾರ. ಎರಡನೆಯದರ ಬೆನ್ನಲ್ಲೂ ಪೊಟ್ಟಣ. ಮೂರನೆಯದರಲ್ಲೂ. "ಕತ್ತರಿಸಿಲ್ಲ ಮೇಡಂ, ತೊಟ್ಟಿಂದ ಮೆಲ್ಲಗೆ ಜಾರಿಸಿ ತೆಗೆದೆ. ಅಷ್ಟು ಅಚ್ಚುಕಟ್ಟಾಗಿ ಗಂಟು ಹಾಕಿರೋರು ಸುಮ್ಸುಮ್ನೆ ಹಾಕಿರಲ್ಲ ಅನ್ನಿಸ್ತು. ನಾನೂ ದಾರದ ಕೆಲಸದವಳೇ ಅಲ್ವಾ?" ಅವಳು ಗೋಂದಕ್ಕನ ಒರಟು ಕೈ ಹಿಡಿದುಕೊಂಡಳು, ಬೆರಳಿಗೆ ಬೆರಳು ಅಂಟಿತು. ನೀವು ನನ್ನ ಮಾತು ಪೂರ್ತಿ ಕೇಳದೇ ಇದ್ದದ್ದಕ್ಕೆ ಸಾಯೋವರೆಗೂ ನೆನೆಸ್ಕೋತೀನಿ ಅಕ್ಕ ಎಂದಳು. ಮೇಡಂ ಒಬ್ಬರು ತನ್ನನ್ನು ಬರಿ ಅಕ್ಕ ಅಂದದ್ದು ಗೋಂದಕ್ಕನಿಗೆ ಹೊಸದು; ಸೂಜಿ ಹುಡುಕುವವಳಂತೆ ತಲೆ ತಗ್ಗಿಸಿದಳು.

ಮಾವ ಫೋನನ್ನು ಯಾವಾಗಲೂ ಕೇಳಿಸದ ಕಿವಿಗೇ ಇಟ್ಟುಕೊಳ್ಳುತ್ತಾನೆ. ಎರಡು ನಿಮಿಷ ಹಲೋ ಹಲೋ ಆಯಿತು. "ಮಾವ, ಬೆಳಿಗ್ಗೆ ನಾನು…" ಎಂದು ಶುರು ಮಾಡಿದಳು. "ಬೆಳಿಗ್ಗೆ ಟೀ ಚೆನ್ನಾಗಿತ್ತು. ಏನು ವಿಷಯ ಹೇಳು," ಎಂದ ಮಾವ. ಅವಳು ಮೊದಲ ದಾರವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆಯುತ್ತ ಓದಿದಳು: ಮೂರು ಗಂಟು, ಕುಣಿಕೆ, ಎರಡು ಗಂಟು. ಯಾವ ಬಂಗಲೆ ಎಂದು ಕೇಳಿದ. ಕೆಳಗಿನದು. "ಹಾಂ. ಮೂರು ತೊರೆ ದಾಟೋದು. ಮೂರನೇದ್ರಲ್ಲಿ ನೀರಿನ ಜೊತೇಲೇ ಇಳಿಯೋದು. ಎರಡು ಸಲ ಕೂತು ದಣಿವಾರಿಸ್ಕೊಳ್ಳೋವಷ್ಟು ದೂರ. ಅಲ್ಲಿ ಬಂಡೆಗೆ ಒರಗಿಕೊಂಡಿದೆ ನೋಡು, ಆ ಮರ. ಮುಂಜಾನೆ ತೊಗಟೆ ತೊಟ್ಟಿಕ್ತಾ ಇರತ್ತೆ, ಕಾಲು ನಿಲ್ಲಲ್ಲ, ಜಾರತ್ತೆ." ದಾರ ಯಾಕೆ ಕಟ್ಟುತ್ತಿದ್ದೆ ಮಾವ ಎಂದು ಕೇಳಿದಳು, ಮೂವತ್ತೈದು ವರ್ಷ ತಡವಾಗಿ. "ಹೂವು ಒಂದು ತಿಂಗಳಲ್ಲಿ, ಕಾಯಿ ಇನ್ಯಾವುದೋ ತಿಂಗಳಲ್ಲಿ. ಅದೇ ಮರಕ್ಕೆ ವಾಪಸ್ ಹೋಗ್ಬೇಕಲ್ಲ! ಪ್ರೊಫೆಸರಿಗೆ ಗಿಡದ ಹೆಸರು ಗೊತ್ತಿರ್ತಿತ್ತು, ದಾರಿ ಗೊತ್ತಿರ್ತಿರ್ಲಿಲ್ಲ ಪಾಪ." ಎರಡನೆಯ ದಾರ, ಮೂರನೆಯದು. ಗೋಂದಕ್ಕ ಪೊಟ್ಟಣಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟಳು, ಮಾವ ಹೇಳಿದ, ಅವಳು ತೊರೆಗಳ ನಕ್ಷೆಯ ಮೇಲೆ ಚುಕ್ಕಿ ಇಟ್ಟಳು. ಏಳನೆಯದು ಮೇಲಿನ ಬಂಗಲೆಯದು, ಕಾಯಿಯ ಕೊಂಬೆ. ಒಂದು ಗಂಟು, ಕುಣಿಕೆ, ನಾಲ್ಕು ಗಂಟು. ನಕ್ಷೆಯಲ್ಲಿ ಆ ದಾರಿ ಹಿಡಿದು ಇಳಿದ ಪೆನ್ಸಿಲು ಮೊದಲನೆಯ ದಾರದ ಚುಕ್ಕಿಯ ಮೇಲೇ ಬಂದು ನಿಂತಿತು. ಅವಳು ಏನೂ ಹೇಳುವ ಮೊದಲೇ ಮಾವ, "ಅದೇ ಮರ ಕಣೇ. ಕಾಯಿಗೆ ಹೋದಾಗ ಮೇಲಿನ ಬಂಗಲೆಯಿಂದ ಬಂದ್ವಿ," ಎಂದ. ಗೋಂದಕ್ಕ ಎರಡು ಬಂಗಲೆಗಳನ್ನೂ ನಡುವಿನ ಚುಕ್ಕಿಯನ್ನೂ ನೋಡಿ ಅಬ್ಬಾ ಎಂದಳು.

ಹನ್ನೊಂದು ಚುಕ್ಕಿಗಳೂ ನೆತ್ತಿಯಿಂದ ಇಳಿದು ಕೊಳ್ಳಕ್ಕೆ ಬಂದಿದ್ದವು. ಆ ಮೂರು ಒಂಟಿ ಮಾದರಿಗಳ ಪಕ್ಕಕ್ಕೇ. ಎರಡು ದಾರ ಒಂದೇ ಮರದವಾದ್ದರಿಂದ ಒಂದು ಚುಕ್ಕಿ ಕಡಿಮೆ ಮಾಡಿ, ಮಾಡೆಲ್ಲನ್ನು ಮತ್ತೆ ಓಡಿಸಿದಳು. ಪರದೆಯ ಮೇಲೆ ಗೆರೆ ನಿಧಾನ ತುಂಬುತ್ತಿದ್ದಾಗ ಅವಳಿಗೆ ಒಂದು ಕೆಟ್ಟ ಆಸೆ ಹುಟ್ಟಿತು: ಏನೂ ಬದಲಾಗದಿರಲಿ, ತೊಂಬತ್ತಮೂರು ಪಾಯಿಂಟ್ ನಾಲ್ಕು ಹಾಗೇ ಇರಲಿ, ಸಾಹೇಬರ ನಗು ಹಾಗೇ ಇರಲಿ. ನಲವತ್ತು ನಿಮಿಷದ ಮೇಲೆ ನಕ್ಷೆ ಬಂತು. ಗುಡ್ಡದ ನೆತ್ತಿಗಳೆಲ್ಲ ಬಿಳಿ. ಹಸಿರು ಎಂಬುದು ಕೊಳ್ಳದ ತೊರೆಗಳ ಪಕ್ಕ ಉಗುರಂಚಿನಷ್ಟು ಮಾತ್ರ. ಅಣೆಕಟ್ಟಿನ ನೀರು ನಿಲ್ಲುವ ಜಾಗವನ್ನು ಅದರ ಮೇಲಿಟ್ಟಾಗ ಆ ಅಂಚೂ ಮುಕ್ಕಾಲು ಮುಳುಗಿತು. ಬೆಳಗಿನ ಟೀ ಕಲೆಯನ್ನು ಪಕ್ಕದಲ್ಲಿಟ್ಟು ನೋಡಿದಳು. ಲೋಟ ಒಂದು ತೊರೆಯಷ್ಟು ಆಚೆ ಬಿದ್ದಿತ್ತು. ಅವಳಿಗಿಂತ ಅದೇ ವಾಸಿ. ಗಂಟೆ ಎರಡೂಕಾಲಾಗಿತ್ತು, ಅವಳು ದಶಾಂಶ ಸಾಹೇಬರ ಬಾಗಿಲು ತಟ್ಟಿದಳು.

"ಸರ್, ಬೆವರುಮರದ ನಕ್ಷೆ ತಪ್ಪಾಗಿದೆ."

"ಎಷ್ಟು ತಪ್ಪು?" ಅಭ್ಯಾಸಬಲದಿಂದ ಕೇಳಿದರು.

"ಪೂರ್ತಿ ಸರ್."

ಅವಳು ಎಲ್ಲ ಹೇಳಿದಳು, ನೆರಳಿನ ಆದೇಶವನ್ನೂ ಬಿಡದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎರಡೂ ನಕ್ಷೆಗಳನ್ನು ನೋಡಿದರು. ಮುಖ ಕಪ್ಪಿಟ್ಟಿತ್ತು. ಈ ನಕ್ಷೆಯನ್ನು ಅವರೂ ನಾಲ್ಕು ಕಡೆ ಹೊಗಳಿಕೊಂಡು ಬಂದಿದ್ದರು. ಕೊನೆಗೆ, "ಮೂರು ಗಂಟೆಗೆ ಮುಂಚೆ ಬಂದ್ರಲ್ಲ, ಪುಣ್ಯ. ಮೂರೂಕಾಲಿಗೆ ಬಂದಿದ್ರೆ ಇಬ್ಬರೂ ಏನು ಮಾಡ್ತಿದ್ವಿ? ನಡೀರಿ, ನಾನೂ ಪಕ್ಕದಲ್ಲೇ ಕೂತಿರ್ತೀನಿ," ಎಂದರು. ಬಯ್ಯಿಸಿಕೊಳ್ಳಲು ಸಿದ್ಧವಾಗಿ ಬಂದಿದ್ದ ಅವಳಿಗೆ ಆ ಪಕ್ಕದಲ್ಲೇ ಎಂಬ ಮಾತಿಗೆ ಕಣ್ಣು ತುಂಬಿ ಬಂದು, ಕೆಮ್ಮಿದ ಹಾಗೆ ಮಾಡಿದಳು.

ಸಮಿತಿಯ ಕೋಣೆಯಲ್ಲಿ ಒಂಬತ್ತು ಜನ, ಒಂಬತ್ತು ನೀರಿನ ಬಾಟಲಿ. ಮಾಡಿಕೊಂಡು ಬಂದಿದ್ದ ಚಂದದ ಸ್ಲೈಡುಗಳನ್ನು ಬಿಟ್ಟು, ನನ್ನ ಹಿಂದಿನ ನಕ್ಷೆಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಅವಳು ಶುರು ಮಾಡಿದಾಗ ಯಾರೋ ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. ದಾರದ ಗಂಟುಗಳನ್ನು ಓದುವ ಬಗೆ ವಿವರಿಸಿದಾಗ ಅಣೆಕಟ್ಟಿನ ಎಂಜಿನಿಯರು, "ಹಾಗಾದ್ರೆ ಇನ್ಮೇಲೆ ಗಂಟು ಎಣಿಸಿ ಯೋಜನೆ ಮಾಡೋಣ್ವಾ ಮೇಡಂ?" ಎಂದರು. ಎಲ್ಲರೂ ನಕ್ಕರು. ಅಂಬಾ ಎಂದ ಬೆಂಚಿನ ನಗೆಯೇ ಅದು, ಅವಳಿಗೆ ಗುರುತು ಸಿಕ್ಕಿತು. ಆದರೆ ಈ ಸಲ ಬ್ಲೇಡು ಹುಡುಕುವ ಮನಸ್ಸಾಗಲಿಲ್ಲ. ಮೊದಲನೆಯ, ಏಳನೆಯ ಹಾಳೆಗಳನ್ನು ಮೇಜಿನ ನಡುವೆ ಇಟ್ಟಳು, ಹೂವಿನದು, ಕಾಯಿಯದು. ಎರಡು ದಾರಗಳನ್ನು ಎಂಜಿನಿಯರ ಕೈಗೇ ಕೊಟ್ಟು, ನೀವೇ ಎಣಿಸಿ, ತೊರೆಗಳ ನಕ್ಷೆ ನಿಮ್ಮ ಇಲಾಖೆಯದೇ ಎಂದಳು. ಅವರು ತಮಾಷೆಗೆಂದೇ ಎಣಿಸತೊಡಗಿದರು. ಮೇಲಿನ ಬಂಗಲೆಯಿಂದ ಹೊರಟ ಅವರ ಬೆರಳು ಕೆಳಗಿನ ಬಂಗಲೆಯ ದಾರಿಯನ್ನು ಬಂದು ಮುಟ್ಟಿದಾಗ ತಮಾಷೆ ನಿಂತುಹೋಯಿತು. ಇನ್ನೊಂದು ಸಲ ಎಣಿಸಿದರು.

"ಯಾರು ಕಟ್ಟಿದ್ದು ಇದನ್ನ?" ಎಂದು ಅವರೇ ಕೇಳಿದರು, ಈಗ ಬೇರೆ ದನಿಯಲ್ಲಿ. "ಚೀಟಿಯಲ್ಲಿ ಹೆಸರಿಲ್ವಲ್ಲ."

"ನನ್ನ ಸೋದರಮಾವ," ಎಂದಳು. "ಪ್ರೊಫೆಸರ ಜೊತೆ ಮರ ಹತ್ತೋ ಕೆಲಸ ಮಾಡ್ತಿದ್ರು. ನನ್ನನ್ನ ಸಾಕಿದವರು. ಮರಗಳ ವಿಷಯ ನಾನು ಮೊದಲು ಕಲಿತದ್ದು ಅವರಿಂದ." ಹೇಳಿ ಮುಗಿದ ಮೇಲೆ ನೋಡಿದರೆ ಏನೂ ಆಗಿರಲಿಲ್ಲ. ದಶಾಂಶ ಸಾಹೇಬರು ಅವಳ ಕಡೆ ನೀರಿನ ಬಾಟಲಿ ಸರಿಸಿದರು. ಮರವನ್ನು ಚಿಂತೆಯಿಲ್ಲದ ಪಟ್ಟಿಗೆ ಸೇರಿಸುವುದಿಲ್ಲ, ಅವಳೇ ಕೊಳ್ಳಕ್ಕೆ ಹೋಗಿ ಮರಗಳನ್ನು ಕಣ್ಣಾರೆ ನೋಡಿ ವರದಿ ಕೊಡಬೇಕು, ಅಲ್ಲಿಯವರೆಗೆ ಅಲ್ಲಿ ಒಂದು ಕೊಂಬೆಯನ್ನೂ ಕಡಿಯಕೂಡದು ಎಂದು ಸಮಿತಿಯವರು ಬರೆಸಿದರು. ಮುಂದೇನಾಗುತ್ತದೋ ಗೊತ್ತಿಲ್ಲ, ಮರಗಳು ಇನ್ನೂ ಇವೆಯೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಅವಳಿಗೆ ಹಗುರಾಗಿತ್ತು. ಎಷ್ಟು ಜನ ತನ್ನನ್ನು ತನ್ನ ತಪ್ಪಿನಿಂದ ಎಳೆದು ಹೊರಗೆ ತಂದರು ಒಂದೇ ದಿನದಲ್ಲಿ ಎಂದು ಲೆಕ್ಕ ಹಾಕುತ್ತ, ಎಂಜಿನಿಯರನ್ನೂ ಸೇರಿಸಿಕೊಂಡಳು. ಅವರು ಎರಡನೆಯ ಸಲ ಎಣಿಸಿದ್ದರಲ್ಲ.

ಮನೆಯಲ್ಲಿ ಇನ್ನೂ ಬೆಳಕಿತ್ತು. ಮಾವ ಬಾಗಿಲ ಮೆಟ್ಟಿಲ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಎಲ್ಲ ಕೇಳಿದ. ಎಂಜಿನಿಯರು ಗಂಟು ಎಣಿಸಿದ್ದನ್ನು ಮಾತ್ರ ಎರಡು ಸಲ ಹೇಳಿಸಿಕೊಂಡು ಕೇಳಿ, ನಕ್ಕ. ಮುಂದಿನ ವಾರ ನಾನು ಕೊಳ್ಳಕ್ಕೆ ಹೋಗಬೇಕು ಮಾವ, ನೀನೂ ಬರ್ತೀಯಾ ಎಂದಳು. "ಈ ಮಂಡಿ ಹಿಡ್ಕೊಂಡಾ? ಮೊದಲನೇ ತೊರೇಲೇ ನನ್ನನ್ನ ಹೊತ್ಕೋಬೇಕಾಗತ್ತೆ ನೀನು," ಎಂದು ಎದ್ದು, ಗೋಡೆ ಹಿಡಿದು ಒಳಗೆ ಹೋಗಿ, ಬಟನ್ ಡಬ್ಬಿಯಿಂದ ದಪ್ಪ ಬಿಳಿ ದಾರದ ಉಂಡೆ ತಂದ. ಕೈ ಕೊಡು ಎಂದ. ಅವಳು ಬಲಗೈ ಚಾಚಿದಳು. ಎಣ್ಣೆ ಬೆರಳಿನಿಂದ ನಿಧಾನವಾಗಿ, ತೊರೆ ತೊರೆಯನ್ನೂ ನೆನೆಸಿಕೊಳ್ಳುತ್ತ, ಮೂರು ಗಂಟು ಹಾಕಿದ, ಕುಣಿಕೆ ಹಾಕಿದ.

"ಮಾವ, ಅವತ್ತು ಶಾಲೇಲಿ ದಾರ ಬಿಚ್ಚಿಹೋಗಿರ್ಲಿಲ್ಲ. ನಾನೇ ಕತ್ತರಿಸಿದ್ದು."

"ಗೊತ್ತು," ಎಂದ ಮಾವ, ಕೈಯಿಂದ ಕಣ್ಣೆತ್ತದೆ. "ನಾನು ಹಾಕಿದ ಗಂಟು ಕಣೇ ಅದು. ಅದನ್ನ ನಂಬ್ಕೊಂಡು ಅಷ್ಟೆತ್ತರದಲ್ಲಿ ತೂಗಾಡ್ತಿದ್ದೆ ನಾನು. ತಾನಾಗೇ ಬಿಚ್ಚತ್ತಾ? ಅದಕ್ಕೇ ಮಾರನೇ ದಿನದಿಂದ ಗೇಟಿನ ಹತ್ರ ಬಂದು ನಿಲ್ತಿದ್ದೆ."

ಉಳಿದ ಎರಡು ಗಂಟುಗಳನ್ನೂ ಹಾಕಿ, ಎಳೆದು ನೋಡಿ, ತುದಿಯನ್ನು ಹಲ್ಲಿನಿಂದ ಕಡಿದ. ಬಿಗಿಯಾಯ್ತಾ ಎಂದು ಕೇಳಿದ. ಇಲ್ಲ ಮಾವ, ಸರಿಯಾಗಿದೆ ಎಂದಳು ಬಾಲ.